11ನೇ ದಿನ ಚೆಲ್ಲಿದ ಬಿಯರ್: ಒಂದು ಪ್ರಕರಣ ಅಧ್ಯಯನ

ಅರ್ಧ ಬಿಯರ್ ಚರಂಡಿಗೆ ಹೋಯಿತು. ಉಳಿದರ್ಧ ಸ್ಪರ್ಧೆಗೆ ಹೋಯಿತು. ಎರಡೂ ಒಂದೇ ಪಾತ್ರೆಯಲ್ಲಿ ಕುದಿದದ್ದು, ಒಂದೇ ಯೀಸ್ಟ್ ಪೊಟ್ಟಣದಿಂದ ಹುದುಗಿದ್ದು. ಹಾಗಾದರೆ ಚೆಲ್ಲಿದ್ದು ಯಾಕೆ, ಉಳಿಸಿದ್ದು ಯಾಕೆ ಅಂತ ಆಮೇಲೆ ಎಷ್ಟೋ ಸಲ ಮಾತಾಡಿದ್ದೇವೆ. ಮನೆಯಲ್ಲಿ ಬಿಯರ್ ಮಾಡುವ ಬೇರೆಯವರಿಗೂ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಬಿಯರ್ ಮಾಡಿದವರನ್ನು ಇಲ್ಲಿ ಮೂರ್ತಿ ಅಂತ ಕರೆಯುತ್ತೇನೆ. ಅದು ಅವರ ಹೆಸರಲ್ಲ. ಅಮೆರಿಕದ ಮಿನ್ನೆಸೋಟದಲ್ಲಿರುವ ಕನ್ನಡಿಗರು, ಅಷ್ಟು ಸಾಕು. ಅವರ ನೋಟ್‌ಬುಕ್ ನನ್ನ ಮುಂದಿದೆ. ದಿನಾಂಕ, ಉಷ್ಣಾಂಶ, ಗ್ರಾವಿಟಿ (ಕರಗಿರುವ ಸಕ್ಕರೆಯ ಅಳತೆ, ಹುದುಗಿದಂತೆ ಇಳಿಯುತ್ತದೆ) ಎಲ್ಲ ಅದರಿಂದಲೇ ತೆಗೆದುಕೊಂಡದ್ದು.

ಊರಿನ ಓದುಗರಿಗೆ ಒಂದು ಮಾತು. ಅಮೆರಿಕದಲ್ಲಿ ಮನೆ ಬಳಕೆಗೆ ಬಿಯರ್ ಮಾಡುವುದಕ್ಕೆ 1978ರ ಕಾನೂನು ದಾರಿ ಮಾಡಿಕೊಟ್ಟಿತು. ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ತನಕ ತೆರಿಗೆ ಇಲ್ಲದೆ ಮಾಡಿಕೊಳ್ಳಬಹುದು. ಮಾರುವ ಹಾಗಿಲ್ಲ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಹೀಗೆ ಮಾಡಿದರೆ ಅಬಕಾರಿ ಕಾಯ್ದೆಯಲ್ಲಿ ಕೇಸು. ಆದ್ದರಿಂದ ಇದನ್ನು ಓದಿ ಬನಶಂಕರಿಯ ಅಡುಗೆಮನೆಯಲ್ಲಿ ಶುರು ಹಚ್ಚಿಕೊಳ್ಳಬೇಡಿ.

ಹಿನ್ನೆಲೆ

ಮೂರ್ತಿ ಅದಕ್ಕೂ ಮುಂಚೆ ಏಳೆಂಟು ಸಲ ಬಿಯರ್ ಮಾಡಿದ್ದರು. ಎಲ್ಲವೂ ಏಲ್. ಏಲ್ ಯೀಸ್ಟ್ 18ರಿಂದ 20 ಡಿಗ್ರಿಯಲ್ಲಿ ಕೆಲಸ ಮಾಡುತ್ತದೆ. ಬೇಗ ಮುಗಿಸುತ್ತದೆ, ಸಣ್ಣಪುಟ್ಟ ತಪ್ಪನ್ನು ಮುಚ್ಚಿಕೊಳ್ಳುತ್ತದೆ. ಈ ಸಲ ಅವರಿಗೆ ಲಾಗರ್, ಅಂದರೆ ತಂಪಿನಲ್ಲಿ ನಿಧಾನವಾಗಿ ಹುದುಗುವ ಬಿಯರ್ ಮಾಡುವ ಆಸೆ. ಅದರಲ್ಲೂ ಜರ್ಮನ್ ಪಿಲ್ಸ್. ತಿಳಿ ಬಣ್ಣ, ಶುದ್ಧ ರುಚಿ, ಬಚ್ಚಿಡಲು ಏನೂ ಇಲ್ಲ. ಮಸಾಲೆ ದೋಸೆಯಲ್ಲಿ ಹಿಟ್ಟಿನ ದೋಷ ಪಲ್ಯದ ಕೆಳಗೆ ಅಡಗುತ್ತದೆ. ಖಾಲಿ ದೋಸೆಯಲ್ಲಿ ಅಡಗುವುದಿಲ್ಲ. ಪಿಲ್ಸ್ ಖಾಲಿ ದೋಸೆ ಇದ್ದಹಾಗೆ.

ಜನವರಿಯ ಮೂರನೇ ಸೋಮವಾರ, ಮಾರ್ಟಿನ್ ಲೂಥರ್ ಕಿಂಗ್ ದಿನದ ರಜೆ. ಹೊರಗೆ ಮೈನಸ್ 20 ಡಿಗ್ರಿ. ಮಾಮೂಲಿಯಾಗಿ ಗ್ಯಾರೇಜಿನ ಮುಂದೆ ಪ್ರೊಪೇನ್ ಒಲೆಯ ಮೇಲೆ ಕುದಿಸುತ್ತಿದ್ದವರು ಅವತ್ತು ಅಡುಗೆಮನೆಯ ಒಲೆಯ ಮೇಲೆ ಇಟ್ಟರು. 4.5 ಕಿಲೋ ಪಿಲ್ಸ್ನರ್ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 66 ಡಿಗ್ರಿಯಲ್ಲಿ ಒಂದು ಗಂಟೆ ನೆನೆಸಿ, ಸೋಸಿ, ಸುಮಾರು 24 ಲೀಟರ್ ವರ್ಟ್ ತೆಗೆದರು. ವರ್ಟ್ ಅಂದರೆ ಯೀಸ್ಟ್ ಬೀಳುವ ಮುಂಚಿನ ಸಿಹಿ ಕಷಾಯ. ಮನೆಯ ಒಲೆಗೆ ಅಷ್ಟೊಂದು ನೀರು ಕುದಿಸುವ ತಾಕತ್ತಿಲ್ಲ. ಹಾಗಾಗಿ ಮುಚ್ಚಳ ಮುಕ್ಕಾಲು ಮುಚ್ಚಿ 60 ನಿಮಿಷ ಕುದಿಸಿದರು. ಈ ಮುಚ್ಚಳವನ್ನು ನೆನಪಿಟ್ಟುಕೊಳ್ಳಿ.

ತಣ್ಣಗೆ ಮಾಡಲು ಬಳಸುವ ತಾಮ್ರದ ಸುರುಳಿಗೆ ನೀರು ಕೊಡುವ ನಲ್ಲಿ ಹೊರಗಡೆ ಇತ್ತು, ಚಳಿಗೆ ಹೆಪ್ಪುಗಟ್ಟಿತ್ತು. ಆಗ ಅವರಿಗೆ ಹೊಳೆದ ಉಪಾಯ: ಹಿತ್ತಲಲ್ಲಿ ಎರಡಡಿ ಹಿಮ ಬಿದ್ದಿದೆ, ಪಾತ್ರೆಯನ್ನು ಮುಚ್ಚಳ ಹಾಕಿ ಅದರಲ್ಲೇ ಹೂತಿಟ್ಟರೆ ಆಯ್ತಲ್ಲ! ಕೇಳಲು ಚೆನ್ನಾಗಿದೆ. ಆದರೆ ಬಿಸಿ ಪಾತ್ರೆಯ ಸುತ್ತ ಹಿಮ ಕರಗಿ ಹಿಂದೆ ಸರಿಯುತ್ತದೆ. ಪಾತ್ರೆಗೂ ಹಿಮಕ್ಕೂ ನಡುವೆ ಒಂದು ಗೇಣು ಗಾಳಿ ನಿಲ್ಲುತ್ತದೆ. ಗಾಳಿ ಕಂಬಳಿ ಹೊದಿಸಿದ ಹಾಗೆ. ವರ್ಟ್ ತಣ್ಣಗಾಗಲು 2 ಗಂಟೆ ಹಿಡಿಯಿತು.

ಆಮೇಲೆ ವರ್ಟನ್ನು ಹುದುಗಿಸುವ ಎರಡು ಸಣ್ಣ ಗಾಜಿನ ಜಾಡಿಗಳಿಗೆ, ಅಂದರೆ ಕಾರ್‌ಬಾಯ್‌ಗಳಿಗೆ ಸಮನಾಗಿ ಹಂಚಿದರು, ತಲಾ 9.5 ಲೀಟರ್. ಬೆನ್ನು ನೋವು ಇರುವುದರಿಂದ ದೊಡ್ಡ ಕಾರ್‌ಬಾಯ್ ಎತ್ತುವುದನ್ನು ಅವರು ಬಿಟ್ಟಿದ್ದರು. 11.5 ಗ್ರಾಂನ ಒಂದೇ ಲಾಗರ್ ಯೀಸ್ಟ್ ಪೊಟ್ಟಣವನ್ನು ಎರಡಕ್ಕೂ ಅರ್ಧರ್ಧ ಹಾಕಿದರು. ಶುರುವಿನ ಗ್ರಾವಿಟಿ 1.050. ನೆಲಮಾಳಿಗೆಯ ಮೂಲೆಯಲ್ಲಿ 11 ಡಿಗ್ರಿ ಇತ್ತು. ಅಲ್ಲೇ ಇಟ್ಟರು.

ಏಲ್‌ಗೆ ಅಷ್ಟು ಯೀಸ್ಟ್ ಸಾಕು. ಚಳಿಯಲ್ಲಿ ಕೆಲಸ ಮಾಡಬೇಕಾದ ಲಾಗರ್‌ಗೆ ಹೆಚ್ಚುಕಡಿಮೆ ಎರಡರಷ್ಟು ಬೇಕು. ಕಮ್ಮಿ ಆಳುಗಳನ್ನು ಇಟ್ಟು ಗದ್ದೆ ನಾಟಿ ಮಾಡಿಸಿದರೆ ಏನಾಗುತ್ತದೋ ಅದೇ ಇಲ್ಲಿ ಆಯಿತು. ಕೆಲಸ ತಡವಾಯಿತು, ಅರ್ಧಂಬರ್ಧ ಆದದ್ದು ಸುತ್ತ ಬಿದ್ದಿತ್ತು.

ಸಮಸ್ಯೆ

ಗುಳ್ಳೆ ಬರಲು ಮೂರು ದಿನ ಬೇಕಾಯಿತು. 9ನೇ ದಿನ ಮೂರ್ತಿ ತಡೆಯಲಾರದೆ ಸ್ವಲ್ಪ ತೆಗೆದು ಕುಡಿದರು. ನೋಟ್‌ಬುಕ್‌ನಲ್ಲಿ ಅವತ್ತಿನ ಸಾಲು ಹೀಗಿದೆ: "1.024. ಹಸಿ ಸೇಬು. ಕೊಳೆತ ಮೊಟ್ಟೆ ಸ್ವಲ್ಪ. ಕೊನೆಗೆ ಏನೋ ಜಿಡ್ಡು. ಕಹಿ ಗಂಟಲಲ್ಲೇ ಕೂರುತ್ತೆ. ಏನೋ ಸರಿ ಇಲ್ಲ."

ಈ ಸಾಲು ನನಗೆ ತುಂಬ ಇಷ್ಟ. "ಏನೋ ಸರಿ ಇಲ್ಲ" ಅನ್ನುವುದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಕರೆಕ್ಟ್. ತೀರ್ಪು ಇಲ್ಲದೆ, ಮೂಗು ನಾಲಿಗೆ ಹೇಳಿದ್ದನ್ನು ಹಾಗೇ ಬರೆದಿದ್ದಾರೆ.

11ನೇ ದಿನ ಶುಕ್ರವಾರ. ನಾಲ್ಕೈದು ಗೆಳೆಯರು ಊಟಕ್ಕೆ ಬಂದಿದ್ದರು. ಮೂರ್ತಿ ಎರಡು ಕಾರ್‌ಬಾಯ್‌ಗಳಿಂದಲೂ ಸ್ವಲ್ಪ ಸ್ವಲ್ಪ ತೆಗೆದು ಪ್ಲಾಸ್ಟಿಕ್ ಲೋಟಗಳಲ್ಲಿ ಕೊಟ್ಟರು. ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದ ಬಾಯಿಗಳು. ಬಿಯರ್ ಅಂತೂ ಮಬ್ಬಾಗಿತ್ತು, ಗ್ಯಾಸ್ ಇಲ್ಲ, ತಣ್ಣಗೂ ಇಲ್ಲ. ಅವರಲ್ಲಿ ಒಬ್ಬರು ಸ್ಪರ್ಧೆಗಳಲ್ಲಿ ಪದಕ ಗೆದ್ದವರು. ಅವರು ಒಂದು ಗುಟುಕು ಕುಡಿದು ಮುಖ ಹಿಂಡಿ, "ಗುರೂ, ಇದು ಇನ್‌ಫೆಕ್ಷನ್" ಅಂದರು.

ಅಲ್ಲಿಗೆ ಮುಗಿಯಿತು. ಆ ಮಾತು ಬಿದ್ದ ಮೇಲೆ ಎಲ್ಲರಿಗೂ ಹುಳಿ ಗೊತ್ತಾಗತೊಡಗಿತು. ಒಬ್ಬರು ವಿನೆಗರ್ ಅಂದರು, ಇನ್ನೊಬ್ಬರು ಹಳೇ ಮಜ್ಜಿಗೆ ಅಂದರು. 9ನೇ ದಿನ ಹುಳಿಯ ಸುದ್ದಿಯನ್ನೇ ಬರೆಯದ ಮೂರ್ತಿಗೂ ಈಗ ಹುಳಿ ಅನ್ನಿಸಿತು.

ರಾತ್ರಿ ಎಲ್ಲರೂ ಹೋದ ಮೇಲೆ ಮೊದಲ ಕಾರ್‌ಬಾಯನ್ನು ಬಟ್ಟೆ ಒಗೆಯುವ ತೊಟ್ಟಿಗೆ ಸುರಿದರು. ಮನೆಯೆಲ್ಲ ಯೀಸ್ಟ್ ಮತ್ತು ಗಂಧಕದ ನಾತ. ಹೆಂಡತಿ ಎದ್ದು ಬಂದು, "ಇವತ್ತಿಗೆ ಸಾಕು, ಮಿಕ್ಕಿದ್ದು ನಾಳೆ" ಅಂದರು. ಎರಡನೇ ಕಾರ್‌ಬಾಯ್ ಉಳಿದದ್ದು ಈ ಒಂದು ಕಾರಣಕ್ಕೆ. ಅದರಲ್ಲಿ ಯಾವ ವಿವೇಕವೂ ಇರಲಿಲ್ಲ, ವಾಸನೆ ಜಾಸ್ತಿಯಾಗಿತ್ತು ಅಷ್ಟೆ.

12ನೇ ದಿನ

ಬೆಳಗ್ಗೆ ನನಗೆ ಫೋನ್ ಬಂತು. "ಒಂದು ಚೆಲ್ಲಿದೆ, ಇನ್ನೊಂದು ಚೆಲ್ಲೋಣ ಅಂತಿದ್ದೀನಿ. ಬಂದು ಒಮ್ಮೆ ನೋಡ್ತೀರಾ?" ನಾನು ಪದಕ ಗೆದ್ದವನಲ್ಲ. ತೀರ್ಪುಗಾರರ ತರಬೇತಿಗೆ ಹೋಗುತ್ತಿದ್ದೆ, ಅಷ್ಟೆ. ರುಚಿ ನೋಡುವ ಮೊದಲು ಬೇರೆ ಲೆಕ್ಕ ನೋಡೋಣ ಅಂದೆ.

ಗ್ರಾವಿಟಿ ಅಳೆಯುವ ಹೈಡ್ರೋಮೀಟರ್ 1.020 ತೋರಿಸಿತು. ಈ ಬಿಯರ್ ಮುಗಿಯಬೇಕಾದದ್ದು 1.011ರ ಆಸುಪಾಸು. ಅಂದರೆ ಯೀಸ್ಟ್ ಇನ್ನೂ ಕೆಲಸದಲ್ಲಿದೆ. ಅಕ್ಕಿ ಬೆಂದಿಲ್ಲ, ಅನ್ನ ಗಟ್ಟಿ ಅಂತ ಬೈಯುತ್ತಿದ್ದೇವೆ. ಹುಳಿ ಅಳೆಯುವ ಪಿಎಚ್ ಮೀಟರ್ (ಹುಳಿ ಹೆಚ್ಚಿದಷ್ಟೂ ಅಂಕಿ ಇಳಿಯುತ್ತದೆ) 4.4 ತೋರಿಸಿತು. ಬಿಯರ್‌ಗೆ ಅದು ಮಾಮೂಲಿ. ಬ್ಯಾಕ್ಟೀರಿಯಾ ಹುಳಿ ಮಾಡಿದ್ದರೆ, ಅದೂ ಐದು ಜನರ ನಾಲಿಗೆಗೆ ಗೊತ್ತಾಗುವಷ್ಟು ಮಾಡಿದ್ದರೆ, ಪಿಎಚ್ ಇಷ್ಟು ಮೇಲೆ ನಿಲ್ಲುತ್ತಿರಲಿಲ್ಲ. ಬಿಯರ್ ಮೇಲೆ ಬಿಳಿ ಪೊರೆ ಇರಲಿಲ್ಲ. ಹುಳಿ ಇದ್ದದ್ದು ಮಾತಿನಲ್ಲಿ.

ಇನ್ನು ಉಳಿದದ್ದು ಸೇಬು, ಮೊಟ್ಟೆ, ಜಿಡ್ಡು.

ಹಸಿ ಸೇಬಿನ ವಾಸನೆ ಅಸಿಟಾಲ್ಡಿಹೈಡ್‌ನದು. ಕೆಲವರಿಗೆ ಅದು ಆಗ ತಾನೇ ಹೆಚ್ಚಿದ ಕುಂಬಳಕಾಯಿಯ ಒಳಗಿನ ವಾಸನೆ. ನಮ್ಮವರಿಗೆ ಅದನ್ನು ಗುರುತಿಸುವುದು ಸುಲಭ. ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡುವಾಗ ದಾರಿಯಲ್ಲಿ ಸಿಗುವ ಕೊನೆಯ ನಿಲ್ದಾಣ ಅದು. ಅರ್ಧ ದಾರಿಯಲ್ಲಿ ಬಸ್ಸಿನ ಒಳಗೆ ಇಣುಕಿದರೆ ಅಲ್ಲಿ ಜನ ಇದ್ದೇ ಇರುತ್ತಾರೆ. ಹುದುಗು ಮುಗಿಯುವಾಗ ಯೀಸ್ಟೇ ಅದನ್ನು ಆಲ್ಕೋಹಾಲ್ ಮಾಡಿಬಿಡುತ್ತದೆ. ಆದರೆ ಇದೇ ವಾಸನೆ ಮೂರು ತಿಂಗಳಾದ ಬಾಟಲಿಯಲ್ಲಿ ಹೊಸದಾಗಿ ಬಂದರೆ ಕಥೆ ಬೇರೆ. ಅಲ್ಲಿ ಗಾಳಿ ಸೇರಿರಬಹುದು, ಬ್ಯಾಕ್ಟೀರಿಯಾ ಇರಬಹುದು.

ಕೊಳೆತ ಮೊಟ್ಟೆ ಹೈಡ್ರೋಜನ್ ಸಲ್ಫೈಡ್‌ನದು. ಲಾಗರ್ ಯೀಸ್ಟ್‌ಗೆ ಅದು ಹುಟ್ಟುಗುಣ. ಗುಳ್ಳೆಯ ಜೊತೆ ಹೊರಟುಹೋಗುತ್ತದೆ, ಮಿಕ್ಕಿದ್ದು ತಂಪಿನಲ್ಲಿ ಕಳೆಯುತ್ತದೆ. ಗಂಟಲಲ್ಲಿ ಕೂರುವ ಕಹಿಗೂ ಅರ್ಧ ಕಾರಣ ತೇಲುತ್ತಿರುವ ಯೀಸ್ಟ್.

ಜಿಡ್ಡು ಡೈಅಸಿಟೈಲ್ ಇರಬೇಕು ಅನ್ನಿಸಿತು. ಬೆಣ್ಣೆ, ಸಿನಿಮಾ ಟಾಕೀಸಿನ ಪಾಪ್‌ಕಾರ್ನ್. ಲಕ್ಷ ಭಾಗದಲ್ಲಿ ಒಂದು ಭಾಗ ಕೂಡ ಬೇಡ. ಲೀಟರಿಗೆ 0.1 ಮಿಲಿಗ್ರಾಂ ಹತ್ತಿರ ಬಂದರೆ ಸಾಕು, ಮೂಗಿಗೆ ಗೊತ್ತಾಗುತ್ತದೆ. ಇದರಲ್ಲಿ ಒಂದು ಕಿತಾಪತಿ ಇದೆ. ಯೀಸ್ಟ್ ಹೊರಗೆ ಬಿಡುವುದು ಡೈಅಸಿಟೈಲನ್ನಲ್ಲ, ಅದರ ಕಚ್ಚಾ ಸರಕನ್ನು. ಅದಕ್ಕೆ ವಾಸನೆಯೇ ಇಲ್ಲ. ಅದು ಬಿಯರಿನಲ್ಲಿ ನಿಧಾನವಾಗಿ ತಾನೇ ಡೈಅಸಿಟೈಲ್ ಆಗುತ್ತದೆ. ಆಮೇಲೆ ಯೀಸ್ಟ್ ಅದನ್ನು ಒಳಗೆ ಎಳೆದುಕೊಂಡು ವಾಸನೆ ಇಲ್ಲದ್ದನ್ನಾಗಿ ಮಾಡುತ್ತದೆ. ಹಾಗಾಗಿ ಇವತ್ತು ಬೆಣ್ಣೆ ವಾಸನೆ ಇಲ್ಲ ಅಂದಮಾತ್ರಕ್ಕೆ ನಾಳೆ ಬರುವುದಿಲ್ಲ ಅಂತಲ್ಲ. ಯೀಸ್ಟನ್ನು ಬೇಗ ಮಲಗಿಸಿಬಿಟ್ಟರೆ ಕಚ್ಚಾ ಸರಕು ಹಾಗೇ ಉಳಿದು ಪೀಪಾಯಿಯಲ್ಲಿ, ಅಂದರೆ ಕೆಗ್‌ನಲ್ಲಿ ಬೆಣ್ಣೆಯಾಗುತ್ತದೆ. ಆಗ ಅದನ್ನು ತಿನ್ನುವವರು ಯಾರೂ ಇರುವುದಿಲ್ಲ.

ಇದನ್ನು ಮುಂಚೆಯೇ ಹಿಡಿಯಲು ಒಂದು ಸುಲಭ ಪರೀಕ್ಷೆ ಇದೆ. ಎರಡು ಗಾಜಿನ ಲೋಟಗಳಲ್ಲಿ ಬಿಯರ್ ಹಾಕಿ ಅಲ್ಯೂಮಿನಿಯಂ ಹಾಳೆ ಮುಚ್ಚುವುದು. ಒಂದನ್ನು 65-70 ಡಿಗ್ರಿ ನೀರಿನಲ್ಲಿ 20 ನಿಮಿಷ ಇಡುವುದು, ಇನ್ನೊಂದನ್ನು ಹಾಗೇ ಬಿಡುವುದು. ಬಿಸಿ ಮಾಡಿದ್ದನ್ನು ತಣಿಸಿ, ಎರಡನ್ನೂ ಮೂಸಿ ನೋಡುವುದು. ಬಿಸಿಗೆ ಕಚ್ಚಾ ಸರಕೆಲ್ಲ ಬೇಗ ಡೈಅಸಿಟೈಲ್ ಆಗುತ್ತದೆ. ವಾರಗಳ ನಂತರ ಬರಬೇಕಾದ ವಾಸನೆ ಅರ್ಧ ಗಂಟೆಯಲ್ಲೇ ಎದುರಿಗೆ ಬರುತ್ತದೆ.

ಶನಿವಾರ ಮಧ್ಯಾಹ್ನ ಮಾಡಿದೆವು. ಬಿಸಿ ಲೋಟದ ಹಾಳೆ ತೆಗೆದಾಗ ಮೂರ್ತಿಯವರ ಹೆಂಡತಿ ಹಾಲ್‌ನಲ್ಲಿ ಮಗಳಿಗೆ ಜಡೆ ಹಾಕುತ್ತಿದ್ದರು. ಅವರು ಬಿಯರ್ ಮುಟ್ಟುವವರಲ್ಲ, ನಾವು ಏನು ಮಾಡುತ್ತಿದ್ದೇವೆ ಅನ್ನುವುದೂ ಗೊತ್ತಿರಲಿಲ್ಲ. ಅಲ್ಲಿಂದಲೇ ಕೇಳಿದರು: "ರೀ, ಬೆಣ್ಣೆ ಕಾಯಿಸ್ತಿದ್ದೀರಾ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹಿಂದಿನ ರಾತ್ರಿ ಐದು ಜನ ಕುಡಿದೂ ಹೇಳದಿದ್ದನ್ನು ಅವರು ಕುಡಿಯದೆ ಹೇಳಿದ್ದರು. ಅವರ ಕಿವಿಗೆ ಯಾರೂ ಏನನ್ನೂ ಊದಿರಲಿಲ್ಲ.

ಮಾಡಿದ ತೀರ್ಮಾನಗಳು

ಚೆಲ್ಲುವ ಮಾತು ಬಿಟ್ಟೆವು. ಆದರೆ ಮುಂದೇನು ಅನ್ನುವುದರಲ್ಲಿ ನಮ್ಮಿಬ್ಬರಿಗೆ ಒಮ್ಮತ ಬರಲಿಲ್ಲ. ಈ ಪ್ರಕರಣದ ನಿಜವಾದ ತಿರುವು ಇದು ಅಂತ ನನ್ನ ಅನಿಸಿಕೆ.

"ಲಾಗರ್ ಅಂದರೆ ಜರ್ಮನ್‌ನಲ್ಲಿ ದಾಸ್ತಾನು ಅಂತಲೇ ಅರ್ಥ ಅಲ್ವಾ? ಫ್ರಿಜ್‌ಗೆ ಹಾಕಿ ಎರಡು ತಿಂಗಳು ಮರೆತುಬಿಡೋಣ, ಹಳೆಯದಾದಷ್ಟೂ ಸರಿಹೋಗುತ್ತೆ," ಅನ್ನುವುದು ಮೂರ್ತಿಯವರ ವಾದ. ಹೆಸರಿನ ಅರ್ಥವೇನೋ ಸರಿ. ಹಿಂದೆ ಬವೇರಿಯದಲ್ಲಿ ಮಾರ್ಚ್‌ನಲ್ಲಿ ಮಾಡಿದ ಮೇರ್ಟ್ಸೆನ್ ಬಿಯರನ್ನು ತಂಪು ನೆಲಮಾಳಿಗೆಗಳಲ್ಲಿ ಇಟ್ಟು ಬೇಸಿಗೆ ಕಳೆದ ಮೇಲೆ ಕುಡಿಯುತ್ತಿದ್ದರು. ಆದರೆ ಕಾಯುವುದರಲ್ಲಿ ಎರಡು ಬಗೆ ಇದೆ. ಬೆಚ್ಚಗಿಟ್ಟು ಕಾದರೆ ಯೀಸ್ಟ್ ಎಚ್ಚರವಾಗಿದ್ದು ತಾನು ಹರಡಿದ್ದನ್ನು ತಾನೇ ಎತ್ತಿಡುತ್ತದೆ. ತಣ್ಣಗಿಟ್ಟು ಕಾದರೆ ಅದು ತಳಕ್ಕಿಳಿದು ಮಲಗುತ್ತದೆ. ಮೊದಲನೆಯದು ಆಗದೆ ಎರಡನೆಯದಕ್ಕೆ ಹೋದರೆ ಸೇಬು, ಬೆಣ್ಣೆ ಎರಡೂ ಫ್ರಿಜ್‌ನಲ್ಲಿ ಭದ್ರವಾಗಿ ಉಳಿಯುತ್ತವೆ. ದೋಸೆ ಹಿಟ್ಟು ಉಬ್ಬುವ ಮೊದಲೇ ಫ್ರಿಜ್‌ಗೆ ಇಟ್ಟರೆ ಬೆಳಗ್ಗೆ ಏನು ಸಿಗುತ್ತದೆ?

ಈ ಹಿಟ್ಟಿನ ಮಾತಿಗೆ ಅವರು ಒಪ್ಪಿದರು. ಕಾರ್‌ಬಾಯನ್ನು ಮಹಡಿಯ ಬಚ್ಚಲುಮನೆಗೆ ಸಾಗಿಸಿ, ಬೆಳಕು ಬೀಳದಂತೆ ಹಳೇ ಜಮಖಾನ ಸುತ್ತಿ, 18 ಡಿಗ್ರಿಗೆ ತಂದೆವು. ಮುಚ್ಚಳ ತೆಗೆಯದೆ ದಿನಕ್ಕೆರಡು ಸಲ ಮೆಲ್ಲಗೆ ತಿರುಗಿಸಿ ತಳದ ಯೀಸ್ಟನ್ನು ಎಬ್ಬಿಸುವುದು. ನಾನು ಹೊಸ ಯೀಸ್ಟ್ ಹಾಕೋಣ ಅಂದಿದ್ದೆ. ಮೂರ್ತಿ ಬೇಡ ಅಂದರು: "ಒಟ್ಟಿಗೆ ಎರಡು ಬದಲಾಯಿಸಿದರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ." ಇಲ್ಲಿ ಅವರದೇ ಸರಿ.

ರುಚಿ ನೋಡುವುದಕ್ಕೂ ಒಂದು ಕಟ್ಟುಪಾಡು ಮಾಡಿಕೊಂಡೆವು. ಬಜ್ಜಿ ಇಲ್ಲ. ಮೂಸಿ, ಕುಡಿದು, ಚೀಟಿಯಲ್ಲಿ ಬರೆದು, ಆಮೇಲೆ ಬಾಯಿ ಬಿಡುವುದು. ಚೀಟಿಯಲ್ಲಿ "ಚೆನ್ನಾಗಿದೆ, ಚೆನ್ನಾಗಿಲ್ಲ" ಬರೆಯುವ ಹಾಗಿಲ್ಲ. ಯಾವ ವಾಸನೆ, ಹಿಂದಿನ ಸಲಕ್ಕಿಂತ ಜಾಸ್ತಿಯೋ ಕಮ್ಮಿಯೋ, ಅಷ್ಟೇ. ಸುಮ್ನೆ ಇಂಗ್ಲಿಷ್ ಪಟ್ಟಿ ನೋಡಿಕೊಂಡು ಬರೆಯುವುದೂ ಬೇಡ, ನಮಗೆ ಗೊತ್ತಿರುವ ಅಡುಗೆಮನೆಯ ಹೆಸರೇ ಬರೆಯೋಣ ಅಂದುಕೊಂಡೆವು. ಬಟರ್‌ಸ್ಕಾಚ್ ಅಂದರೆ ನನಗೆ ಇವತ್ತಿಗೂ ಐಸ್‌ಕ್ರೀಮ್ ನೆನಪಾಗುತ್ತದೆ, ಡೈಅಸಿಟೈಲ್ ಅಲ್ಲ.

ಆಮೇಲೆ ಆದದ್ದು

15ನೇ ದಿನ 1.013. 18ನೇ ದಿನ 1.011. ಮೂರು ದಿನ ಬಿಟ್ಟು ನೋಡಿದರೂ ಅಷ್ಟೇ. ಹುದುಗು ಮುಗಿದಿತ್ತು.

ಚೀಟಿಗಳಲ್ಲಿ ಸೇಬು 15ರಂದು "ಕಮ್ಮಿ", 18ರಂದು ಮಾಯ. ಬೆಣ್ಣೆ ಅಷ್ಟು ಸುಲಭಕ್ಕೆ ಬಿಡಲಿಲ್ಲ. 16ನೇ ದಿನದ ಪರೀಕ್ಷೆಯಲ್ಲಿ ಬಿಸಿ ಲೋಟ ಇನ್ನೂ ಘಂ ಅನ್ನುತ್ತಿತ್ತು. 20ಕ್ಕೆ ಮೂಗು ಒಳಗಿಟ್ಟು ಹುಡುಕಿದರೆ ಸಿಗುವಷ್ಟು. ಗ್ರಾವಿಟಿ ನಿಂತ ಮೇಲೂ ಬೆಣ್ಣೆ ಇತ್ತು ಅನ್ನುವುದನ್ನು ಗಮನಿಸಿ. ಹೈಡ್ರೋಮೀಟರ್ ಒಂದನ್ನೇ ನಂಬಿದ್ದರೆ 18ನೇ ದಿನವೇ ಫ್ರಿಜ್‌ಗೆ ಹಾಕುತ್ತಿದ್ದೆವು.

23ನೇ ದಿನ ಮೂರು ಲೋಟಗಳ ಪರೀಕ್ಷೆ ಮಾಡಿದೆವು. ಮೂರರಲ್ಲಿ ಎರಡು ಒಂದೇ, ಒಂದು ಬೇರೆ. ಇಲ್ಲಿ ಎರಡು ಬಿಸಿ ಮಾಡದ್ದು, ಒಂದು ಮಾಡಿದ್ದು. ಬೇರೆ ಯಾವುದು ಅಂತ ಗುರುತಿಸಬೇಕು. ನಾಲ್ಕು ಜನ ಮೂಸಿದರು, ಒಬ್ಬರು ಮಾತ್ರ ಸರಿಯಾಗಿ ಹೇಳಿದರು. ಕಣ್ಣು ಮುಚ್ಚಿ ಆರಿಸಿದರೂ ಮೂವರಲ್ಲಿ ಒಬ್ಬರಿಗೆ ಸರಿಯಾಗುತ್ತದೆ, ಹಾಗಾಗಿ ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ ಹಿಡಿದೆವು. ಮರುದಿನ ಬಿಯರನ್ನು ಸಣ್ಣ ಕೆಗ್‌ಗೆ ಇಳಿಸಿ 2 ಡಿಗ್ರಿಯಲ್ಲಿಟ್ಟರು.

ಇಲ್ಲಿಗೆ ಕಥೆ ಮುಗಿದು ಎಲ್ಲರೂ ಚಿಯರ್ಸ್ ಹೇಳಬೇಕಿತ್ತು. ತಂಪಿನಲ್ಲಿ ಮೂರು ವಾರ ಕಳೆದಾಗ ಮೂರ್ತಿ ಫೋನ್ ಮಾಡಿದರು. ಮೊಟ್ಟೆ ಹೋಗಿದೆ, ಬಿಯರ್ ಗಾಜಿನ ಹಾಗೆ ತಿಳಿಯಾಗಿದೆ. "ಆದರೆ ಬೇಯಿಸಿದ ಜೋಳದ ವಾಸನೆ ಬರ್ತಿದೆ."

ಹೋಗಿ ನೋಡಿದೆ. ಜೋಳವೇ. ಕುಕ್ಕರ್ ಮುಚ್ಚಳ ತೆಗೆದಾಗ ಮುಸುಕಿನ ಜೋಳ ಬರುವ ಹಾಗೆ.

ಅದು ಡಿಎಂಎಸ್, ಅಂದರೆ ಡೈಮಿಥೈಲ್ ಸಲ್ಫೈಡ್. ಯೀಸ್ಟ್‌ನ ಕೂಸಲ್ಲ, ಮಾಲ್ಟ್‌ನದು. ಬಾರ್ಲಿ ಮೊಳಕೆಯೊಡೆಯುವಾಗ ಅದರ ಕಚ್ಚಾ ಸರಕು ಹುಟ್ಟುತ್ತದೆ. ಜಾಸ್ತಿ ಹುರಿದ ಮಾಲ್ಟ್‌ಗಳಲ್ಲಿ ಅದು ಒಲೆಯ ಬಿಸಿಗೇ ಕಳೆದುಹೋಗುತ್ತದೆ. ಪಿಲ್ಸ್ನರ್ ಮಾಲ್ಟನ್ನು ತಿಳಿ ಬಣ್ಣ ಉಳಿಯಲಿ ಅಂತ ಕಮ್ಮಿ ಬಿಸಿಯಲ್ಲಿ ಒಣಗಿಸುವುದರಿಂದ ಅದರಲ್ಲಿ ಉಳಿದುಕೊಳ್ಳುತ್ತದೆ. ವರ್ಟ್ ಕುದಿಯುವಾಗ ಅದು ಡಿಎಂಎಸ್ ಆಗಿ ಹಬೆಯ ಜೊತೆ ಹಾರಿಹೋಗಬೇಕು. ಹಾರಲು ದಾರಿ ಬೇಕಲ್ಲ? ಮುಕ್ಕಾಲು ಮುಚ್ಚಿದ ಮುಚ್ಚಳದಿಂದ ಹಬೆ ನೀರಾಗಿ ಮತ್ತೆ ಪಾತ್ರೆಗೇ ತೊಟ್ಟಿಕ್ಕಿತ್ತು. ಆಮೇಲೆ ಹಿಮದಲ್ಲಿ 2 ಗಂಟೆ, ಪೂರ್ತಿ ಮುಚ್ಚಿ. ಬಿಸಿ ಇರುವ ತನಕ ಹೊಸದಾಗಿ ಹುಟ್ಟುತ್ತಲೇ ಇತ್ತು, ಹೊರಗೆ ಹೋಗಲು ಸಂದಿ ಇರಲಿಲ್ಲ. ಇದಕ್ಕಾಗಿಯೇ ಪಿಲ್ಸ್ನರ್ ಮಾಲ್ಟನ್ನು ತುಂಬ ಜನ 90 ನಿಮಿಷ ತೆರೆದ ಪಾತ್ರೆಯಲ್ಲಿ ಜೋರಾಗಿ ಕುದಿಸಿ ಬೇಗ ತಣಿಸುತ್ತಾರೆ.

ಮೂರ್ತಿಗೆ ಈಗ ಕಾಯುವುದರಲ್ಲಿ ಪೂರ್ತಿ ನಂಬಿಕೆ ಬಂದುಬಿಟ್ಟಿತ್ತು. "ಸೇಬು ಹೋಯ್ತು, ಬೆಣ್ಣೆ ಹೋಯ್ತು, ಇದೂ ಹೋಗುತ್ತೆ ಬಿಡಿ." ಹೋಗಲಿಲ್ಲ. ಇನ್ನೂ ಎರಡು ವಾರ ಇಟ್ಟರು, ಚೀಟಿಯಲ್ಲಿ "ಜೋಳ, ಅಷ್ಟೇ" ಅಂತಲೇ ಬಂತು. ಯೀಸ್ಟ್ ಅದನ್ನು ತಿನ್ನುವುದಿಲ್ಲ. ಹುದುಗಿನ ಗುಳ್ಳೆಯ ಜೊತೆ ಹೋಗುವಷ್ಟು ಹೋಗಿರುತ್ತದೆ, ಕೆಗ್‌ನಲ್ಲಿ ಗುಳ್ಳೆ ಹೊರಗೆ ಹೋಗುವುದಿಲ್ಲ.

ನನ್ನ ಹಳೇ ಚೀಟಿಗಳನ್ನು ತೆಗೆದು ನೋಡಿದೆ. 12ನೇ ದಿನದ್ದರಲ್ಲಿ "ಬೆಣ್ಣೆ!!" ಅಂತ ಎರಡು ಗೆರೆ ಎಳೆದು ಬರೆದಿದ್ದೇನೆ. ಕೆಳಗೆ ಸಣ್ಣದಾಗಿ "ಸಿಹಿ ತರಕಾರಿ ಥರ, ಮಾಲ್ಟ್ ಇರಬೇಕು." ಮಾಲ್ಟ್ ಇರಬೇಕು ಅಂತೆ! ಜೋಳ ಅವತ್ತೇ ನನ್ನ ಮೂಗಿನ ಕೆಳಗಿತ್ತು. ಗೆಳೆಯರು ಇನ್‌ಫೆಕ್ಷನ್ ಹುಡುಕಿ ಹುಳಿ ಕಂಡ ಹಾಗೆ, ನಾನು ಬೆಣ್ಣೆ ಹುಡುಕುತ್ತಾ ಬೆಣ್ಣೆಯನ್ನು ಮಾತ್ರ ಕಂಡೆ. ಅವರನ್ನು ಆಡಿಕೊಂಡಿದ್ದ ನನಗೆ ಇದು ಬೇಕಿತ್ತು.

ಏಪ್ರಿಲ್‌ನಲ್ಲಿ ಒಂದು ಸಣ್ಣ ಸ್ಪರ್ಧೆಗೆ ಕಳಿಸಿದರು. ಅಮೆರಿಕದ ಹೋಮ್‌ಬ್ರೂ ಸ್ಪರ್ಧೆಗಳಲ್ಲಿ ಹೆಚ್ಚಾಗಿ ನಡೆಯುವುದು ಬಿಯರ್ ತೀರ್ಪುಗಾರರಿಗೆ ಪರೀಕ್ಷೆ ನಡೆಸುವ ಬಿಜೆಸಿಪಿ ಸಂಸ್ಥೆಯ ಅಂಕಪಟ್ಟಿ. ಒಟ್ಟು 50 ಅಂಕ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಹೇಗನ್ನಿಸುತ್ತದೆ ಅನ್ನುವುದಕ್ಕೆ 5, ಒಟ್ಟಾರೆ 10. ಮೂರ್ತಿಗೆ ಒಬ್ಬರು 28, ಇನ್ನೊಬ್ಬರು 30 ಕೊಟ್ಟರು. ಸರಾಸರಿ 29, "ಒಳ್ಳೆಯದು" ಅನ್ನುವ ಗುಂಪಿನ ಮೇಲಿನ ಅಂಚು. ಇಬ್ಬರೂ ಜೋಳದ ಬಗ್ಗೆ ಬರೆದಿದ್ದರು. ಸೇಬು, ಬೆಣ್ಣೆ, ಹುಳಿ, ಯಾವುದರ ಸುಳಿವೂ ಇರಲಿಲ್ಲ. ಒಬ್ಬರು ಹುದುಗು ಶುದ್ಧವಾಗಿದೆ ಅಂತ ಹೊಗಳಿದ್ದರು. ಮೂರ್ತಿ ಆ ಹಾಳೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾರೆ.

ಈ ಪ್ರಕರಣದಿಂದ ನಾವು ಬದಲಾಯಿಸಿಕೊಂಡದ್ದು

ಎಳೆ ಬಿಯರ್ ರುಚಿ ನೋಡಬಾರದು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 9ನೇ ದಿನ ನೋಡದೇ ಇದ್ದಿದ್ದರೆ ಬೆಣ್ಣೆ ಸಿಗುತ್ತಿರಲಿಲ್ಲ, ಬೆಚ್ಚಗೆ ಇಡುತ್ತಲೂ ಇರಲಿಲ್ಲ. ನೋಡಬೇಕು. ಆದರೆ ಕೇಳಬೇಕಾದ ಪ್ರಶ್ನೆ "ಇದು ಕೆಟ್ಟಿದೆಯಾ?" ಅನ್ನುವುದಲ್ಲ. "ಈ ವಾಸನೆಯನ್ನು ಇನ್ನು ಯಾರಾದರೂ ತೆಗೆಯಬಲ್ಲರಾ, ಅವರು ಇನ್ನೂ ಎಚ್ಚರವಾಗಿದ್ದಾರಾ?" ಅಂತ ಕೇಳಬೇಕು. ಸೇಬು, ಬೆಣ್ಣೆಗೆ ಯೀಸ್ಟ್ ಇದೆ. ಮೊಟ್ಟೆಗೆ ಗುಳ್ಳೆ ಮತ್ತು ಕಾಲ ಇದೆ. ಜೋಳಕ್ಕೆ ಯಾರೂ ಇಲ್ಲ. ನಲ್ಲಿ ನೀರಿನ ಕ್ಲೋರಿನ್‌ನಿಂದ ಬರುವ ಬ್ಯಾಂಡೇಜ್ ವಾಸನೆಗೂ ಯಾರೂ ಇಲ್ಲ. ಗಾಳಿ ಸೇರಿ ಬರುವ ಒದ್ದೆ ರಟ್ಟಿನ ವಾಸನೆಯಂತೂ ಇಟ್ಟಷ್ಟೂ ಬೆಳೆಯುತ್ತದೆ.

ಒಂದೇ ಸಲ ನೋಡಿದ ರುಚಿಯಿಂದ ಇದು ತಿಳಿಯುವುದಿಲ್ಲ. ಮೂರು ನಾಲ್ಕು ದಿನ ಬಿಟ್ಟು ಇನ್ನೊಂದು ಚೀಟಿ ಬೇಕು. ಇಳಿಯುತ್ತಿದ್ದರೆ ಬಿಡಿ. ನಿಂತಲ್ಲೇ ನಿಂತಿದ್ದರೆ ಒಲೆಯ ಹತ್ತಿರ ನಡೆದದ್ದನ್ನು ನೆನಪು ಮಾಡಿಕೊಳ್ಳಿ. ಏರುತ್ತಿದ್ದರೆ, ಅದರಲ್ಲೂ ಪಿಎಚ್ ಇಳಿದು ಗ್ರಾವಿಟಿ ನಿರೀಕ್ಷೆಗಿಂತ ಕೆಳಗೆ ಹೋಗುತ್ತಿದ್ದರೆ, ಆಗ ಇನ್‌ಫೆಕ್ಷನ್ ಅನ್ನುವ ಮಾತು ತೆಗೆಯಬಹುದು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಚೆಲ್ಲಿದ ಕಾರ್‌ಬಾಯ್ ಕೂಡ ಚೆನ್ನಾಗೇ ಇತ್ತು ಅಂತ ನಾನು ಆಣೆ ಮಾಡಿ ಹೇಳಲಾರೆ. ಒಂದೇ ವರ್ಟ್ ಆದರೂ ಎರಡು ಪಾತ್ರೆ. ಒಂದಕ್ಕೆ ಸೋಂಕು ತಗುಲಿ ಇನ್ನೊಂದಕ್ಕೆ ತಗುಲದೇ ಇರಬಹುದು. ಅವತ್ತು ಅದರ ಪಿಎಚ್ ನೋಡಿರಲಿಲ್ಲ, ಒಂದು ಬಾಟಲಿ ಎತ್ತಿಟ್ಟಿರಲಿಲ್ಲ. ಪದಕದ ಗೆಳೆಯರು ಆ ಲೋಟದ ಮಟ್ಟಿಗೆ ಸರಿಯೇ ಹೇಳಿದ್ದರೇನೋ. ಈಗ ಮೂರ್ತಿಯವರ ಮನೆಯಲ್ಲಿ ಒಂದು ನಿಯಮ ಇದೆ: ಏನನ್ನೇ ಚೆಲ್ಲಿದರೂ ಎರಡು ಬಾಟಲಿ ಉಳಿಸಿ, ಮೇಲೆ ದಿನಾಂಕ ಬರೆದು, ಎರಡು ತಿಂಗಳು ಇಡಬೇಕು. ಸೋಂಕಿದ್ದರೆ ಗಾಜು ಸಿಡಿಯಬಹುದು ಅಂತ ಪ್ಲಾಸ್ಟಿಕ್ ಸೋಡಾ ಬಾಟಲಿಗಳನ್ನೇ ಬಳಸುತ್ತಾರೆ.

ಮೇ ತಿಂಗಳಲ್ಲಿ ಅದೇ ಪಿಲ್ಸನ್ನು ಮತ್ತೆ ಮಾಡಿದರು. ಈ ಸಲ ಹೊರಗೆ, ಮುಚ್ಚಳ ಇಲ್ಲದೆ, 90 ನಿಮಿಷ. ನಲ್ಲಿ ಬಿಟ್ಟುಕೊಂಡಿತ್ತು, ತಾಮ್ರದ ಸುರುಳಿಯಲ್ಲಿ 25 ನಿಮಿಷಕ್ಕೆ ತಣ್ಣಗಾಯಿತು. ಯೀಸ್ಟ್ ಎರಡು ಪೊಟ್ಟಣ. ಹುದುಗಿಸಲು ಹಳೇ ಫ್ರಿಜ್ ಒಂದನ್ನು 11 ಡಿಗ್ರಿಗೆ ಕಟ್ಟಿ ನಿಲ್ಲಿಸಿದ್ದರು.

9ನೇ ದಿನ ರಾತ್ರಿ 11ಕ್ಕೆ ಅವರಿಂದ ಮೆಸೇಜ್ ಬಂತು: "ಸೇಬು ಇದೆ. ಬೆಣ್ಣೆ ಸ್ವಲ್ಪ ಇದೆ. ಜೋಳ ಇಲ್ಲ. ಮಲಗ್ತೀನಿ."